ಅತ್ತಿ ಊದಿದ ಸೀಟಿ

ನಡುಗೆರೆ ದಾಟಿ ಈಚೆಗೆ ಬಿದ್ದಾಗ ಉಮಾಶ್ರೀಯ ಬಾಯಿ ತುಂಬ ಮಣ್ಣು. ಆದರೂ ಅವಳು ನಗುತ್ತಿದ್ದಳು. ಒಬ್ಬಳನ್ನಲ್ಲ, ಇಬ್ಬರನ್ನು ಮುಟ್ಟಿ ಬಂದಿದ್ದಳು.

"ಎರಡು ಪಾಯಿಂಟ್ ಬೇ ಉಮಿ, ಎರಡು," ಎನ್ನುತ್ತ ಮುಸರ್ರತ್ ಓಡಿ ಬಂದು ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಕಲ್ಲೂರು ಶಾಲೆಯ ಹುಡುಗಿಯರೆಲ್ಲ ಸುತ್ತ ನೆರೆದು ಕುಣಿಯತೊಡಗಿದರು.

ಕುಣಿಯದೆ ಇರಲು ಆಗುತ್ತದೆಯೇ? ಇದು ತಾಲೂಕು ಮಟ್ಟದ ಫೈನಲ್. ಒಂದು ಪಾಯಿಂಟ್ ಹಿಂದಿದ್ದವರು ಒಂದೇ ರೇಡಿನಲ್ಲಿ ಮುಂದೆ ಬಂದಿದ್ದರು. ಗೆದ್ದವರು ಮಾನ್ವಿ ತಾಲೂಕಿನ ಪರವಾಗಿ ರಾಯಚೂರಿಗೆ ಹೋಗುತ್ತಾರೆ, ಅಲ್ಲಿನ ದೊಡ್ಡ ಸ್ಟೇಡಿಯಂನಲ್ಲಿ ಆಡುತ್ತಾರೆ. ಉಮಾಶ್ರೀ ಕ್ಯಾಪ್ಟನ್. ಏಳನೇ ಕ್ಲಾಸು. ಈ ವರ್ಷ ತಪ್ಪಿದರೆ ಪ್ರೈಮರಿ ಶಾಲೆಯ ಕ್ಯಾಪ್ಟನ್ ಆಗಿ ರಾಯಚೂರಿಗೆ ಹೋಗುವ ಮಾತೇ ಇಲ್ಲ.

ಆದರೆ ಬೋರ್ಡಿನ ಮೇಲಿನ ಅಂಕಿ ಬದಲಾಗಲಿಲ್ಲ. ಬರೆಯುವ ಮೇಡಂ ಚಾಕ್‌ಪೀಸ್ ಹಿಡಿದು ಅಂಪೈರ್ ಕಡೆ ನೋಡುತ್ತ ಕೂತಿದ್ದರು. ಅಂಪೈರ್ ಬಾಯಲ್ಲಿ ಇನ್ನೂ ಸೀಟಿ ಇತ್ತು. ಅವರ ಒಂದು ಕೈ ಮಾನ್ವಿ ಪೇಟೆ ಶಾಲೆಯ ತಂಡದ ಕಡೆ ಚಾಚಿತ್ತು.

"ಸೀಟಿ ಯಾವಾಗ ಊದಿದ್ರು?" ಎಂದಳು ಮುಸರ್ರತ್. "ನನಗ ಕೇಳಿಸೇ ಇಲ್ಲ."

ಅಂಪೈರ್ ಸೀಟಿ ತೆಗೆದರು. "ನೀ ಮುಟ್ಟೋಕಿಂತ ಮೊದಲೇ ಊದೀನಿ. ಈ ರೇಡ್ ಲೆಕ್ಕಕ್ಕಿಲ್ಲ. ರೇಡರ್ ಕಬಡ್ಡಿ ಅನ್ನಲಿಲ್ಲ. ಎದುರಿನವರಿಗೆ ಒಂದು ಟೆಕ್ನಿಕಲ್ ಪಾಯಿಂಟ್."

"ಅಂದೀನ್ರಿ," ಎಂದಳು ಉಮಾಶ್ರೀ.

"ಹುತುತು ಅಂದಿ." ಅಂಪೈರ್ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಆ ಮೂಲಿಗೆ ಹೋದಾಗ."

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಸ್ವಲ್ಪ ಹೊತ್ತಿಗೆ ಮೈದಾನದ ಒಂದು ಬದಿಯೇ ನಗುತ್ತಿತ್ತು. "ಹುತುತು ಅಂದ್ಳಂತ. ಅಜ್ಜಿ ಕಾಲದ ಆಟ ಆಡಾಕ ಬಂದಾಳ."

ಉಮಾಶ್ರೀಯ ಕಿವಿ ಬಿಸಿಯಾದವು. ಅಂದಿದ್ದೆನೇ? ಮೂಲೆಗೆ ಹೋದಾಗ ಮೂವರು ಒಟ್ಟಿಗೆ ಮುಂದೆ ಬಂದಿದ್ದರು. ಎದೆ ಧಸಕ್ಕೆಂದಿತ್ತು. ಆಗ ನಾಲಗೆ ಏನಂದಿತೋ ಅವಳಿಗೆ ತಿಳಿಯದು. ಈಗ ನೆನೆಸಿಕೊಂಡರೆ, ಹೌದು, ಅಂದಿದ್ದಳು.

ಆದರೆ ಅಷ್ಟು ಗದ್ದಲದಲ್ಲಿ ಅದು ಕೇಳಿಸಿದ್ದು ಒಬ್ಬರಿಗೇ. ಗೆರೆಯ ಪಕ್ಕದಲ್ಲೇ ನಿಂತಿದ್ದ ಅಂಪೈರಿಗೆ. ಆ ಅಂಪೈರ್ ಬೇರೆ ಯಾರೂ ಅಲ್ಲ, ಉಮಾಶ್ರೀಯ ಸೋದರತ್ತೆ ಸುಮಂಗಲಾ. ಹುತುತು ಅನ್ನುವುದನ್ನು ಅವಳಿಗೆ ಕಲಿಸಿದ್ದೂ ಇದೇ ಅತ್ತೆ.

ಕಲ್ಲೂರಿನ ಅವರ ಮನೆಯ ಪಡಸಾಲೆಯಲ್ಲಿ ಅತ್ತೆಯ ದೊಡ್ಡ ಫೋಟೋ ಇದೆ. ಎದೆಯ ಮೇಲೆ 'ರಾಯಚೂರು' ಎಂದು ಬರೆದ ನೀಲಿ ಜರ್ಸಿ, ಕೈಯಲ್ಲಿ ಗೆದ್ದ ಕಪ್. ಜಿಲ್ಲಾ ತಂಡದ ಕ್ಯಾಪ್ಟನ್ ಸುಮಂಗಲಾ. ಮನೆಗೆ ಯಾರೇ ಬರಲಿ, ಚಹಾ ಕೊಡುವ ಮೊದಲೇ ಗುರುಶಾಂತಮ್ಮಜ್ಜಿ ಆ ಫೋಟೋದ ಕತೆ ಶುರು ಮಾಡುತ್ತಾಳೆ. ದೇವದುರ್ಗದಲ್ಲಿ ಜಿಲ್ಲಾ ತಂಡದ ಕ್ಯಾಂಪ್ ಇತ್ತಂತೆ. ಎಲ್ಲರನ್ನೂ ಹತ್ತಿರದ ಗೂಗಲ್ ಎಂಬ ಊರಿಗೆ ಕರೆದೊಯ್ದು ಕೃಷ್ಣಾ ನದಿಯ ಉಸುಕಿನಲ್ಲಿ ಓಡಿಸಿದರಂತೆ. ಉಳಿದ ಹುಡುಗಿಯರು ಕಾಲು ಚಾಚಿ ಕೂತರೆ, ನಮ್ಮ ಸುಮಂಗಲಾ ಇನ್ನೊಂದು ಸುತ್ತು ಹೋಗಿಬರಲೇ ಸರ್ ಎಂದಳಂತೆ. ಅವತ್ತೇ ಅವಳನ್ನು ಕ್ಯಾಪ್ಟನ್ ಮಾಡಿದರಂತೆ. ಕಲಬುರಗಿಯ ಮ್ಯಾಚಿನಲ್ಲಿ ಅವಳು ಒಂದೇ ಉಸಿರಿಗೆ ಮೂವರನ್ನು ಔಟ್ ಮಾಡಿದಳಂತೆ. ಬಂದವರು ಬೀಗರಾದರೆ ಅಜ್ಜಿ ಮೂವರನ್ನು ಐವರು ಮಾಡುವುದೂ ಉಂಟು.

ಆಮೇಲೆ ಅತ್ತೆಯ ಮೊಣಕಾಲು ತಿರುಚಿತು. ನಡೆಯಲು ಬಂತು, ಸ್ಕೂಟಿ ಹೊಡೆಯಲು ಬಂತು, ರೇಡ್ ಹೋಗಲು ಬರಲಿಲ್ಲ. ಈಗ ಅವಳು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಪಿಟಿ ಟೀಚರ್. ಸಂಜೆ ಮನೆಗೆ ಬಂದು ಮುಖ ತೊಳೆದು ಹಿತ್ತಲಿನಲ್ಲಿ ಬೂದಿಯಿಂದ ಗೆರೆ ಎಳೆಯುತ್ತಾಳೆ. "ಬಾ ಉಮಿ" ಎನ್ನುತ್ತಾಳೆ. ಅಲ್ಲಿ ಮಾತ್ರ ಕಬಡ್ಡಿ ಎಂದು ಯಾರೂ ಅನ್ನುವುದಿಲ್ಲ. ಅಜ್ಜಿ ಸಣ್ಣವಳಿದ್ದಾಗ ಕಣದಲ್ಲಿ ಆಡಿದ ಆಟದ ಹೆಸರು ಹುತುತು. ಅವಳು ಅದನ್ನು ಮಗಳಿಗೆ ಕಲಿಸಿದಳು, ಮಗಳು ಉಮಾಶ್ರೀಗೆ ಕಲಿಸಿದಳು. ಅದು ಆ ಮನೆಯ ಮಾತು. "ಕೋರ್ಟಿನ್ಯಾಗ ಕಬಡ್ಡಿ ಅನ್ನಬೇಕು, ನೆನಪಿರ್ಲಿ" ಎಂದು ಅತ್ತೆ ಹೇಳಿದ್ದು ಒಂದು ಸಲವಲ್ಲ. ಹೆದರಿದಾಗ ನಾಲಗೆ ಕೋರ್ಟ್ ಯಾವುದು, ಹಿತ್ತಲು ಯಾವುದು ಎಂದು ನೋಡುತ್ತದೆಯೇ?

ಅವತ್ತು ಬೆಳಿಗ್ಗೆ ಮೈದಾನದ ಗೇಟಿನಲ್ಲಿ ಸ್ಕೂಟಿ ನಿಲ್ಲಿಸಿ ಅತ್ತೆ ಹೇಳಿದ್ದಳು, "ನಿಮ್ಮ ಮ್ಯಾಚಿಗೆ ಬ್ಯಾರೆಯವರನ್ನ ಹಾಕ್ರಿ ಅಂತ ಕೇಳೀನಿ. ಯಾರೂ ಇಲ್ಲ ಅಂತಾರ. ಒಳಗ ಹೋದ ಮ್ಯಾಲೆ ನಾ ಅತ್ತಿ ಅಲ್ಲ, ಮೇಡಂ. ತಿಳೀತಿಲ್ಲೋ?"

ಉಮಾಶ್ರೀ ತಲೆ ಆಡಿಸಿದ್ದಳು. ಮ್ಯಾಚ್ ಶುರುವಾಗುವ ಮೊದಲು ಮಾನ್ವಿ ತಂಡದ ಕ್ಯಾಪ್ಟನ್ ಸ್ವಪ್ನಾ ತನ್ನ ಗೆಳತಿಯರಿಗೆ ಹೇಳುವುದು ಕೇಳಿಸಿತ್ತು. "ಅವರ ಅತ್ತಿನೇ ಅಂಪೈರ್ ಅಂತ. ಇನ್ನ ನಾವು ಆಡೋದು ಸುಮ್ಮನ."

ಕೇಳಿಸದವಳಂತೆ ಉಮಾಶ್ರೀ ಶೂ ಲೇಸ್ ಕಟ್ಟಿಕೊಂಡಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು. ಮೊದಲ ರೇಡ್ ಹೋಗುವಾಗ ಅತ್ತೆಯ ಕಡೆ ನೋಡಿ ಸಣ್ಣಗೆ ನಕ್ಕಿದ್ದಳು. ಅತ್ತೆ ನಕ್ಕಿರಲಿಲ್ಲ.

ಈಗಲೂ ನಗಲಿಲ್ಲ. ಕಲ್ಲೂರು ಶಾಲೆಯ ಗಡಿಗೆಪ್ಪ ಸರ್ ಗೆರೆಯ ತನಕ ಬಂದರು. ಅವರಿಗೆ ಸಿಟ್ಟು ಬಂದರೆ ಟೋಪಿ ತೆಗೆಯುತ್ತಾರೆ, ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ. "ಏನ್ರಿ ಮೇಡಂ, ಸಣ್ಣ ಮಕ್ಕಳ ಆಟ ಇದು. ಬಾಯಿ ತಪ್ಪಿ ಬಂದಿರ್ತದ."

"ಬಾಯಿ ತಪ್ಪಿದ್ದಕ್ಕೇ ಸೀಟಿ, ಸರ್," ಎಂದಳು ಅತ್ತೆ. "ಟೈಮ್ ಹೋಗಾಕತ್ತದ. ಆಡಿಸ್ರಿ."

ಗಡಿಗೆಪ್ಪ ಸರ್ ಟೋಪಿ ಹಾಕಿಕೊಂಡು ಹಿಂದೆ ಸರಿದರು. ಬೋರ್ಡಿನ ಮೇಲೆ ಮಾನ್ವಿಯ ಅಂಕಿ ಏರಿತು. ಒಂದು ಪಾಯಿಂಟ್ ಮುಂದೆ ಇರಬೇಕಾಗಿದ್ದ ಕಲ್ಲೂರು ಎರಡು ಪಾಯಿಂಟ್ ಹಿಂದೆ ಬಿದ್ದಿತ್ತು.

"ಏನರ ಹೇಳ ಬೇ, ನೀ ಕ್ಯಾಪ್ಟನ್ ಇದ್ದಿ," ಎಂದಳು ಮುಸರ್ರತ್. ಉಳಿದವರೂ ಅವಳನ್ನೇ ನೋಡುತ್ತಿದ್ದರು. ಉಮಾಶ್ರೀ ಮೊಣಕಾಲಿನ ಮಣ್ಣು ಒರೆಸಿಕೊಂಡಳು. "ಹಿಡೀರಿ," ಎಂದಷ್ಟೇ ಅಂದಳು. ಅದನ್ನು ಹೇಳಲು ಕ್ಯಾಪ್ಟನ್ ಬೇಕಾಗಿರಲಿಲ್ಲ.

ಸ್ವಪ್ನಾ ರೇಡ್ ಬಂದಳು. ಯಾರ ಕೈಗೂ ಸಿಗಲಿಲ್ಲ, ಯಾರನ್ನೂ ಮುಟ್ಟಲಿಲ್ಲ. ಮುಸರ್ರತ್ ಹೋಗಿ ಬರಿಗೈಲಿ ಬಂದಳು. ಮತ್ತೆ ಸ್ವಪ್ನಾ ಬಂದಳು, ಗೆರೆಯ ಹತ್ತಿರವೇ ಅತ್ತಿತ್ತ ಓಡಾಡಿ ಟೈಮ್ ಕಳೆದು ಹೋದಳು. ಗೆಲ್ಲುತ್ತಿರುವವರಿಗೆ ಅವಸರವೇನು?

"ಲಾಸ್ಟ್ ರೇಡ್," ಎಂದರು ಟೇಬಲ್ ಹತ್ತಿರ ಕೂತಿದ್ದವರು.

ಉಮಾಶ್ರೀ ನಡುಗೆರೆಯನ್ನು ಮುಟ್ಟಿ ನಮಸ್ಕರಿಸಿದಳು. ಆಮೇಲೆ ಇಡೀ ಮೈದಾನಕ್ಕೆ ಕೇಳಿಸುವಂತೆ ಶುರು ಮಾಡಿದಳು. "ಕಬಡ್ಡಿ ಕಬಡ್ಡಿ ಕಬಡ್ಡಿ." ಒಂದೊಂದು ಅಕ್ಷರವನ್ನೂ ಅತ್ತೆಯ ಮುಖಕ್ಕೆ ಎಸೆಯುವಂತೆ ಹೇಳಿದಳು. ಅತ್ತೆ ಗೆರೆಯ ಪಕ್ಕದಲ್ಲಿ ಬಗ್ಗಿ, ಅವಳ ಜೊತೆಗೇ ಸರಿಯುತ್ತ, ಕಿವಿಗೊಟ್ಟು ಕೇಳುತ್ತಿದ್ದಳು.

ಎಡಕ್ಕೆ ಹೋದಂತೆ ಮಾಡಿ ಉಮಾಶ್ರೀ ಬಲಕ್ಕೆ ಹಾರಿದಳು. ಸ್ವಪ್ನಾಳ ಭುಜಕ್ಕೆ ಬೆರಳು ತಾಗಿತು. ಒಂದು. ಉಳಿದವರು ಕೊನೆಯ ಗೆರೆಗೆ ಅಂಟಿಕೊಂಡು ನಿಂತರು. ಇನ್ನೊಬ್ಬಳು ಬೇಕು, ಇನ್ನೊಬ್ಬಳು ಸಿಕ್ಕರೆ ಸಮ. ಗಟ್ಟಿಯಾಗಿ ಕೂಗಿದ್ದರಿಂದ ಉಸಿರು ಅರ್ಧಕ್ಕರ್ಧ ಖರ್ಚಾಗಿ ಹೋಗಿತ್ತು. ಆದರೂ ಕಾಲು ಚಾಚಿದಳು. ಎದುರಿನ ಹುಡುಗಿ ಹೊಟ್ಟೆ ಒಳಗೆಳೆದುಕೊಂಡು ಹಿಂದೆ ಬಾಗಿದಳು. ಒಂದು ಬೆರಳಿನಷ್ಟು ಜಾಗ ಉಳಿಯಿತು. ಎದೆ ಒಡೆದು ಹೋಗುವಂತಾಯಿತು. ಉಮಾಶ್ರೀ ತಿರುಗಿ ಓಡಿದಳು.

ಅವಳು ಗೆರೆ ದಾಟಿದ ಮೇಲೆ ಉದ್ದನೆಯ ಸೀಟಿ ಕೇಳಿಸಿತು. ಮ್ಯಾಚ್ ಮುಗಿದಿತ್ತು. ಕಲ್ಲೂರು ಒಂದೇ ಒಂದು ಪಾಯಿಂಟಿನಿಂದ ಸೋತಿತ್ತು.

"ಆ ಒಂದು ಸೀಟಿ ಇಲ್ಲಾಂದ್ರ ನಾವು ರಾಯಚೂರಿಗೆ ಹೋಗ್ತಿದ್ವಿ," ಎಂದಳು ಮುಸರ್ರತ್. ಅವಳು ಅಳುತ್ತಿದ್ದಳು. "ಬ್ಯಾರೆ ಯಾರರ ಅಂಪೈರ್ ಇದ್ದಿದ್ರ ಅವರಿಗೆ ಕೇಳಿಸ್ತಿದ್ದಿಲ್ಲ ಬಿಡು."

ಗೇಟಿನ ಹತ್ತಿರ ಅತ್ತೆ ಸ್ಕೂಟಿ ಚಾಲೂ ಮಾಡಿಕೊಂಡು ನಿಂತಿದ್ದಳು. ಉಮಾಶ್ರೀ ಅವಳ ಮುಂದಿನಿಂದಲೇ ಹಾದುಹೋಗಿ ಗೆಳತಿಯರ ಜೊತೆ ಟಂಟಂ ಆಟೋ ಹತ್ತಿದಳು. ದಾರಿಯುದ್ದಕ್ಕೂ ಸ್ಕೂಟಿ ಟಂಟಂ ಹಿಂದೆಯೇ ಬಂತು. ಮುಂದೆ ಹೋಗಲು ಬೇಕಾದಷ್ಟು ಜಾಗವಿದ್ದರೂ ಮುಂದೆ ಹೋಗಲಿಲ್ಲ.

ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾತ ಯವ್ವಾ? ಗೆದ್ದಿರೇನು?"

"ನಿನ್ನ ಮಗಳನ್ನ ಕೇಳು," ಎಂದು ಉಮಾಶ್ರೀ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಪಡಸಾಲೆಯ ಮಾತೆಲ್ಲ ಅಲ್ಲಿಗೂ ಕೇಳಿಸುತ್ತಿತ್ತು. ಅತ್ತೆ ನಡೆದದ್ದನ್ನು ಹೇಳಿದಳು, ಏನೂ ಬಿಡಲಿಲ್ಲ.

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. "ಹುತುತು ಅಂದ್ರ ಏನಾತು? ಅದೇನ್ ಬೈಗಳ ಏನು? ನಾನೇ ಅಲ್ಲೇನು ನಿನಗ ಕಲಿಸಿದ್ದು? ಅದನ್ನ ಅಂದಂದೇ ನೀ ದೊಡ್ಡಾಕಿ ಆದಿ. ಈಗ ಮನಿ ಕೂಸು ಅಂದ್ರ ಸೀಟಿ ಊದ್ತಿ?"

"ಅಲ್ಲಿ ಅಕಿ ಮನಿ ಕೂಸಲ್ಲಬೇ, ರೇಡರ್."

"ಮತ್ತ ನೀ ಯಾರು?"

ಆಮೇಲೆ ಹಿತ್ತಲಿನ ಬಾಗಿಲು ತೆರೆದ ಸದ್ದು ಕೇಳಿಸಿತು.

ಊಟದ ಹೊತ್ತಿಗೆ ಉಮಾಶ್ರೀ ಎದ್ದು ಬಂದಳು. ಸಿಟ್ಟಿದ್ದರೂ ಹಸಿವು ಬಿಡುವುದಿಲ್ಲ. ಅತ್ತೆಯ ತಾಟಿನಲ್ಲಿ ರೊಟ್ಟಿ ಮುರಿದದ್ದು ಮುರಿದ ಹಾಗೇ ಇತ್ತು. ಸೀಟಿ ಇನ್ನೂ ಅವಳ ಕೊರಳಲ್ಲೇ ನೇತಾಡುತ್ತಿತ್ತು. ತೆಗೆದಿಡುವುದು ಮರೆತಿರಬೇಕು.

"ಉಮಿ," ಎಂದಳು ಅತ್ತೆ. "ನೀ ಒಂದು ಸಲ ಹುತುತು ಅಂದಾಗ ನಾ ಊದಲಿಲ್ಲ. ಕಾಯ್ದೆ. ತಿದ್ದಿಕೊಳ್ತಿ ಅಂತ. ನೀ ಮತ್ತೊಮ್ಮೆ ಅಂದಿ. ಅವಾಗ ಊದಿದೆ."

"ಕಾಯ್ದಾಕಿ ಪೂರಾ ಸುಮ್ಮನಿರಬೇಕಿತ್ತು," ಎಂದಳು ಉಮಾಶ್ರೀ. ಉಳಿದ ರೊಟ್ಟಿ ತೆಗೆದುಕೊಂಡು ಒಳಗೆ ಹೋಗಿ ಒಬ್ಬಳೇ ಕೂತು ತಿಂದಳು.

ಮರುದಿನ ಸಂಜೆ ಹಿತ್ತಲಿನಿಂದ "ಬಾ ಉಮಿ" ಎಂದು ಕೇಳಿಸಿತು. ಅವಳು ಹೋಂವರ್ಕ್ ಇದೆ ಎಂದಳು. ಅದರ ಮರುದಿನ ತಲೆನೋವು ಎಂದಳು. ಮೂರನೆಯ ದಿನ ಅತ್ತೆ ಕರೆಯಲಿಲ್ಲ. ಬೂದಿಯ ಗೆರೆ ಕೋಳಿಗಳ ಕಾಲಿಗೆ ಸಿಕ್ಕಿ ಅಳಿಸಿಹೋಯಿತು. ಉಮಾಶ್ರೀಗೆ ಅದೂ ಹಿಡಿಸಲಿಲ್ಲ. ಕರೆದರೂ ಸಿಟ್ಟು, ಕರೆಯದಿದ್ದರೂ ಸಿಟ್ಟು.

ಭಾನುವಾರ ಊರ ಬಾಗಿಲಾದ ಅಗಸಿಯ ಮುಂದಿನ ಬಯಲಿನಲ್ಲಿ ಓಣಿಯ ಮಕ್ಕಳೆಲ್ಲ ಸೇರಿದರು. ಕೆಳಗಿನ ಓಣಿಗೂ ಮೇಲಿನ ಓಣಿಗೂ ಹುತುತು. ಸೋತವರು ಕಟ್ಟೆ ಹತ್ತಿ, ಊರಿಗೆಲ್ಲ ಕೇಳಿಸುವಂತೆ "ನಾವು ಸೋತೀವಿ" ಎಂದು ಕೂಗಬೇಕು.

"ಬಾ ಅಕ್ಕ, ಆಡು," ಎಂದು ಎಲ್ಲರೂ ಕರೆದರು.

"ನಾ ಆಡಂಗಿಲ್ಲ."

"ಹಂಗಾರ ಅಂಪೈರ್ ಆಗು. ನೀ ತಾಲೂಕಿನ ತನಕ ಆಡಿಬಂದಾಕಿ," ಎಂದ ಕೆಳಗಿನ ಓಣಿಯ ಬಸವಲಿಂಗ. ಅವನು ಆರನೇ ಕ್ಲಾಸು, ಆದರೆ ಎತ್ತರದಲ್ಲಿ ಮೇಷ್ಟ್ರುಗಳ ಹೆಗಲಿಗೆ ಬರುತ್ತಾನೆ. ಬೇಡ ಎನ್ನಲು ಕಾರಣ ಹೊಳೆಯದೆ ಉಮಾಶ್ರೀ ಗೆರೆಯ ಪಕ್ಕದಲ್ಲಿ ನಿಂತಳು.

ಮೇಲಿನ ಓಣಿಯ ತಂಡದಲ್ಲಿ ಅವಳ ತಮ್ಮ ಪಂಪಾಪತಿಯೂ ಇದ್ದ. ಎರಡನೇ ಕ್ಲಾಸಿನವನು. ಅವನನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ಇವತ್ತು ಒಬ್ಬ ಕಡಿಮೆಯಾಗಿದ್ದರಿಂದ ಸೇರಿಸಿಕೊಂಡಿದ್ದರು. ಒಬ್ಬೊಬ್ಬರೇ ಔಟಾಗುತ್ತ ಹೋಗಿ ಕೊನೆಗೆ ಮೇಲಿನ ಓಣಿಯಲ್ಲಿ ಉಳಿದವನು ಪಂಪಾಪತಿ ಒಬ್ಬನೇ. ಆ ಕಡೆ ಬಸವಲಿಂಗ ಒಬ್ಬನೇ.

ಮಕ್ಕಳ ಗದ್ದಲ ನಿಂತಿತು. ಪಂಪಾಪತಿ ಚಡ್ಡಿ ಮೇಲಕ್ಕೆ ಎಳೆದುಕೊಂಡು ಗೆರೆಯ ಹತ್ತಿರ ಬಂದ. ಅಕ್ಕನ ಕಡೆ ನೋಡಿ ಸಣ್ಣಗೆ ನಕ್ಕ.

ಆ ನಗು ಉಮಾಶ್ರೀಗೆ ಗೊತ್ತಿತ್ತು.

"ಹುತುತು ಹುತುತು ಹುತುತು." ಪಂಪಾಪತಿ ಒಳಗೆ ಹೋದ. ಬಸವಲಿಂಗ ಹಿಂದೆ ಹಿಂದೆ ಸರಿದ. ಉಮಾಶ್ರೀ ಬಗ್ಗಿ, ತಮ್ಮನ ಜೊತೆಗೇ ಸರಿಯುತ್ತ, ಅವನ ಬಾಯಿಗೆ ಕಿವಿಗೊಟ್ಟಳು. ಸಣ್ಣ ಎದೆ, ಸಣ್ಣ ದಮ್ಮು. ಕೊನೆಯ ಗೆರೆ ಹತ್ತಿರ ಬರುವಾಗ ದನಿ ಕ್ಷೀಣವಾಯಿತು. "ಹುತುತು ಹುತು..." ಸ್ಸ್ ಎಂದು ಒಂದು ಚಿಕ್ಕ ಉಸಿರು ಒಳಗೆ ಹೋಯಿತು. "ಹುತುತು ಹುತುತು."

ದಮ್ಮು ಬಿಟ್ಟಿದ್ದ. ಉಸಿರು ಎಳೆದುಕೊಂಡರೆ ಔಟ್. ಅಷ್ಟು ದೂರ ನಿಂತ ಮಕ್ಕಳಿಗೆ ಅದು ಕೇಳಿಸುವಂತಿರಲಿಲ್ಲ.

ಉಮಾಶ್ರೀಯ ಕೈ ಅರ್ಧ ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ತನಗೆ ತಪ್ಪು ಕೇಳಿಸಿರಬಹುದು. ಗಾಳಿಯ ಸದ್ದಿರಬಹುದು. ಇನ್ನೊಮ್ಮೆ ಎಳೆಯಬೇಡ ಪಂಪ್ಯಾ, ಇನ್ನೊಮ್ಮೆ ಎಳೆಯಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಅವಳಿಗೇ ಉಸಿರಾಡಲು ಆಗುತ್ತಿರಲಿಲ್ಲ.

ಸ್ಸ್.

"ಔಟ್," ಎಂದಳು ಉಮಾಶ್ರೀ.

ಪಂಪಾಪತಿಗೆ ಅದು ಕೇಳಿಸಲಿಲ್ಲ. ಬಸವಲಿಂಗನ ಮೊಣಕಾಲು ಮುಟ್ಟಿ, ಒಂದೇ ಓಟಕ್ಕೆ ಗೆರೆ ದಾಟಿ ಬಂದು, ಎರಡೂ ಕೈ ಎತ್ತಿ ಕುಣಿದ. ಆಮೇಲೆ ಯಾರೂ ತನ್ನ ಜೊತೆ ಕುಣಿಯುತ್ತಿಲ್ಲ ಎಂದು ಅವನಿಗೆ ಗೊತ್ತಾಯಿತು.

"ದಮ್ಮು ಬಿಟ್ಟ," ಎಂದಳು ಉಮಾಶ್ರೀ. ಅವಳ ದನಿ ಅವಳದೇ ಅನ್ನಿಸಲಿಲ್ಲ. "ಮುಟ್ಟೋಕಿಂತ ಮೊದಲೇ. ಕೆಳಗಿನ ಓಣಿ ಗೆದ್ದದ."

ಪಂಪಾಪತಿ ಅವಳನ್ನೇ ನೋಡಿದ. ಎತ್ತಿದ ಕೈಗಳು ಹಾಗೆಯೇ ಇದ್ದವು, ಇಳಿಸಬೇಕೆಂಬುದು ಮರೆತುಹೋದಂತೆ. ಆಮೇಲೆ ತಿರುಗಿ ಮನೆಯ ಕಡೆ ಓಡಿದ.

ಉಮಾಶ್ರೀ ಹಿಂದೆಯೇ ಹೋದಳು. ಮುಂದೆ ಹೋಗಿ ಅವನನ್ನು ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಹಿಡಿದು ಏನು ಹೇಳುವುದು?

ಅತ್ತೆ ಮನೆಯ ಮುಂದಿನ ಕಟ್ಟೆಯ ಮೇಲೆ ಪುಂಡಿಪಲ್ಲೆಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ಪಂಪಾಪತಿ ಓಡಿಹೋಗಿ ಅವಳ ತೊಡೆಯ ಮೇಲೆ ಬಿದ್ದ.

"ಅಕ್ಕ ನನಗ ಔಟ್ ಕೊಟ್ಳು," ಎಂದು ಬಿಕ್ಕಿದ. "ನಮ್ಮ ಅಕ್ಕ ಆಗಿ ನನಗೇ ಔಟ್ ಕೊಟ್ಳು. ನಾ ಮುಟ್ಟಿದ್ದೆ ಅತ್ತಿ, ಖರೇನ ಮುಟ್ಟಿದ್ದೆ."

"ದಮ್ಮು ಬಿಟ್ಟಿದ್ದೇನು?"

ಪಂಪಾಪತಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. "ಸಣ್ಣದು," ಎಂದ.

"ಎಷ್ಟು ಸಲ?"

ಅವನು ಅತ್ತೆಯ ಸೀರೆಯಲ್ಲಿ ಮುಖ ಮುಚ್ಚಿಕೊಂಡ. ಅತ್ತೆ ತಲೆ ಎತ್ತಿ ಉಮಾಶ್ರೀಯನ್ನು ನೋಡಿದಳು. ಅವಳು ಕಟ್ಟೆಯಿಂದ ದೂರದಲ್ಲಿ, ಬೇವಿನ ಗಿಡದ ಹತ್ತಿರ ನಿಂತಿದ್ದಳು. ಇಷ್ಟು ದಿನಗಳಲ್ಲಿ ಇಬ್ಬರೂ ಮುಖ ಕೊಟ್ಟು ನೋಡಿದ್ದು ಅದೇ ಮೊದಲು.

"ಎರಡು ಸಲ," ಎಂದಳು ಉಮಾಶ್ರೀ. ಕಟ್ಟೆಯ ಕಡೆ ಒಂದು ಹೆಜ್ಜೆ ಬಂದಳು. "ಮೊದಲನೇ ಸಲ ನಾನೂ ಕಾಯ್ದೆ, ಅತ್ತಿ."

ಅತ್ತೆಯ ಕೈಯಲ್ಲಿದ್ದ ಕಡ್ಡಿ ಕೈಯಲ್ಲೇ ಉಳಿಯಿತು. ಅವಳು ಸೊಪ್ಪಿನ ರಾಶಿಯನ್ನು ಆಚೆ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದಳು. ಉಮಾಶ್ರೀ ಬಂದು ಕೂತಳು, ಒಂದು ಕಟ್ಟು ತೆಗೆದುಕೊಂಡು ಎಲೆ ಬಿಡಿಸತೊಡಗಿದಳು.